ನಮ್ಮ ಹಬ್ಬದ ಸಿಹಿಗಳ ಪೂರ್ವಚರಿತ್ರೆ

ಆಗದ ಕೆಲಸವನ್ನು ಆಗಿಹೋಯಿತೆಂದೇ ಎಣಿಸಿಕೊಂಡು ಹಿಗ್ಗುವವನನ್ನು ಕಂಡರೆ, "ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾನೆ" ಎಂದು ಹೇಳುವುದು ನಮ್ಮ ಜನರ ವಾಡಿಕೆ. ಹಿಂದಿನ ಮೈಸೂರು ಸಂಸ್ಥಾನದ ಊರುಗಳಲ್ಲಿ ಈ ಮಾತು ಕೇಳಿಬರದ ಮನೆ ಅಪರೂಪ. ಆದರೆ ಮಂಡಿಗೆಯೆಂಬ ಪದಾರ್ಥವನ್ನು ಕಣ್ಣಾರೆ ಕಂಡವರು ಆ ಮನೆಗಳಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುವುದೇ ಹೆಚ್ಚು. ನಾನೂ ಚಿಕ್ಕಂದಿನಲ್ಲಿ ಈ ಬೈಗುಳನ್ನು ಬೇಕಾದಷ್ಟು ಸಾರಿ ತಿಂದವನು. ಮಂಡಿಗೆಯನ್ನು ತಿಂದದ್ದು ಮಾತ್ರ ನಡುವಯಸ್ಸು ದಾಟಿದ ಮೇಲೆ. ತಿಂಡಿ ಮರೆಯಾಗಿ ಮಾತು ಉಳಿದುಕೊಂಡಿರುವ ಈ ವಿಚಿತ್ರವೇ ಇಂದಿನ ನನ್ನ ಭಾಷಣಕ್ಕೆ ಕಾರಣವಾಯಿತೆಂದು ಶ್ರೋತೃಗಳಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಹಬ್ಬದ ಸಿಹಿಗಳಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು, ಯಾವುದು ಮೊನ್ನೆ ಮೊನ್ನೆ ಬಂದು ಸೇರಿ ಪುರಾತನವೆಂಬ ಹೆಸರನ್ನು ಗಳಿಸಿತು ಎಂಬುದನ್ನು ವಿಚಾರಿಸಿದರೆ, ಅರಸರ ಗ್ರಂಥಗಳು ಒಂದು ಕಥೆಯನ್ನೂ ಅಡಿಗೆಮನೆಯ ಒಲೆ ಇನ್ನೊಂದು ಕಥೆಯನ್ನೂ ಹೇಳುವುದು ಕಂಡುಬರುತ್ತದೆ.

ಮೊದಲು ಗ್ರಂಥಗಳ ಮಾತು. ಕನ್ನಡನಾಡಿನ ಆಹಾರದ ವಿಷಯದಲ್ಲಿ ಬರಹದ ಸಾಕ್ಷ್ಯಕ್ಕೆ ಬಡತನವಿಲ್ಲ. 10ನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುವುದು ಅನೇಕರಿಗೆ ತಿಳಿದ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದ ಮೊದಲಾದುವುಗಳೊಡನೆ ಅಡಿಗೆಗೂ ಒಂದು ಸ್ಥಾನ ದೊರೆತಿದೆ. ಈತನು ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಲ್ಲ. ಹೆಸರು ಒಂದೇ ಆದುದರಿಂದ ಈ ಎಚ್ಚರಿಕೆಯನ್ನು ಹೇಳಬೇಕಾಯಿತು. ಮುಂದೆ ಅದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸವೆಂಬ ನೂರು ಅಧ್ಯಾಯಗಳ ಮಹಾಗ್ರಂಥವನ್ನು ಬರೆದನು. ಆನೆ ಹಿಡಿಯುವುದು, ರತ್ನಪರೀಕ್ಷೆ, ಚಿತ್ರ, ಸಂಗೀತ, ಬೇಟೆ ಇವೆಲ್ಲವುಗಳ ನಡುವೆ ಅನ್ನಭೋಗವೆಂಬ ಭಾಗವನ್ನಿಟ್ಟು, ದೊರೆ ಉಣ್ಣತಕ್ಕ ಭಕ್ಷ್ಯಗಳನ್ನು ಮಾಡುವ ಬಗೆಯನ್ನು ಆತನು ವಿವರಿಸಿದ್ದಾನೆ. 1508ರ ಸುಮಾರಿಗೆ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಇದೇ ವಿಷಯವನ್ನು ಕನ್ನಡದ ವಾರ್ಧಕ ಷಟ್ಪದಿಗೆ ಇಳಿಸಿ ಸೂಪಶಾಸ್ತ್ರವೆಂದು ಹೆಸರಿಟ್ಟನು; ಹಿಟ್ಟಿನಿಂದಾಗುವ ಭಕ್ಷ್ಯಗಳಿಗೆ ಅದರ ಮೊದಲ ಅಧ್ಯಾಯವೇ ಮೀಸಲು. ಅಡಿಗೆಯ ಪಾಕವನ್ನು ಷಟ್ಪದಿಯ ಮಾತ್ರೆಗಳಿಗೆ ಹೊಂದಿಸುವುದು ಸುಲಭದ ಕೆಲಸವಲ್ಲ. ಉಪ್ಪು ಹೆಚ್ಚಾದರೆ ಅಡಿಗೆ ಕೆಡುತ್ತದೆ, ಒಂದು ಮಾತ್ರೆ ಹೆಚ್ಚಾದರೆ ಪದ್ಯ ಕೆಡುತ್ತದೆ.

ಈ ಎಲ್ಲ ಗ್ರಂಥಕಾರರಲ್ಲಿಯೂ ಒಂದು ಸಾಮಾನ್ಯ ಲಕ್ಷಣವುಂಟು. ಇವರಲ್ಲಿ ಒಬ್ಬನಾದರೂ ಒಲೆಯ ಮುಂದೆ ಕುಳಿತು ಬೆಂದವನೆಂದು ನನಗೆ ತೋರುವುದಿಲ್ಲ. ಯಾರೋ ಮಾಡಿದರು, ಯಾರೋ ಹೇಳಿದರು, ಇವರು ಬರೆದರು. ಹೇಳಿದವರ ಹೆಸರು ನಮಗೆ ಬಂದಿಲ್ಲ.

ಮಾನಸೋಲ್ಲಾಸದಲ್ಲಿ ನನ್ನನ್ನು ಬೆರಗುಗೊಳಿಸಿದ ಸಿಹಿಯೊಂದಿದೆ. ಕಾಯಿಸಿದ ಹಾಲಿಗೆ ಹುಳಿ ಬೆರಸಿ ಒಡೆಯಿಸಿ, ನೀರನ್ನು ಬೇರೆ ಮಾಡಿ, ಗಟ್ಟಿಯಾದ ಭಾಗವನ್ನು ಅಕ್ಕಿಯ ಹಿಟ್ಟಿನೊಡನೆ ಮಿದ್ದು, ನಾನಾ ಆಕಾರಗಳನ್ನು ಕೊಟ್ಟು ಕರಿದು, ಸಕ್ಕರೆಯನ್ನು ಸವರುವ ಭಕ್ಷ್ಯವದು. ಕ್ಷೀರಪ್ರಕಾರವೆಂದು ಅದರ ಹೆಸರು. ಒಡೆದ ಹಾಲಿನಿಂದ ಸಿಹಿ ಮಾಡುವುದನ್ನು ಬಂಗಾಳದವರು ಪೋರ್ಚುಗೀಸರಿಂದ ಕಲಿತರೆಂದು ಹೇಳುವವರಿದ್ದಾರೆ. ಬಂಗಾಳದ ಮಾತು ಹೇಗಾದರೂ ಇರಲಿ, ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯ ಬಳಿ ಹಡಗನ್ನು ನಿಲ್ಲಿಸುವುದಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಹಿಂದೆಯೇ ಕಲ್ಯಾಣದ ಅರಮನೆಗೆ ಈ ವಿದ್ಯೆ ತಿಳಿದಿತ್ತು. ಆದರೂ ನಮ್ಮ ಮನೆಗಳಿಗೆ ಅದು ಇಳಿಯಲಿಲ್ಲ. ಹಾಲು ಒಡೆದರೆ ನಮ್ಮ ತಾಯಂದಿರಿಗೆ ಅದು ಅಪಶಕುನ. ಆ ಪಾತ್ರೆಯನ್ನು ಹಿತ್ತಲಿಗೆ ಸಾಗಿಸುವುದೇ ಮೊದಲ ಯೋಚನೆ. ಚಕ್ರವರ್ತಿಯ ಗ್ರಂಥದಲ್ಲಿ ಶ್ಲೋಕವಾಗಿ ಕುಳಿತ ಮಾತ್ರಕ್ಕೆ ಒಂದು ಸಿಹಿ ಹಬ್ಬದ ಎಲೆಗೆ ಬಂದು ಬೀಳಲಾರದೆಂಬುದಕ್ಕೆ ಇದೊಂದು ನಿದರ್ಶನ.

ಮಂಡಿಗೆಯ ಕಥೆ ಇದಕ್ಕಿಂತ ದುಃಖಕರವಾದದ್ದು. ಏಕೆಂದರೆ ಅದು ಒಂದು ಕಾಲದಲ್ಲಿ ಮನೆಗಳಿಗೆ ಇಳಿದೇ ಇತ್ತು. ಸೋಮೇಶ್ವರನು ಇದನ್ನು ಮಂಡಕವೆಂದು ಕರೆಯುತ್ತಾನೆ. ಗೋಧಿಯನ್ನು ತೊಳೆದು ಒಣಗಿಸಿ ಬೀಸಿ, ಹಿಟ್ಟನ್ನು ಜರಡಿ ಹಿಡಿದು, ತುಪ್ಪವನ್ನೂ ಉಪ್ಪುನೀರನ್ನೂ ಸೇರಿಸಿ ಚೆನ್ನಾಗಿ ನಾದಿ, ಉಂಡೆ ಕಟ್ಟಿ, ಅಂಗೈಗಳಿಂದಲೇ ಅಗಲವಾಗಿ ಹಿಗ್ಗಿಸಿ, ಕಾದ ಮಣ್ಣಿನ ಬೋಕಿಯ ಮೇಲೆ ಹಾಕಿ, ಕರಿಯ ಕಲೆ ಬೀಳುವುದರೊಳಗಾಗಿ ತೆಗೆಯಬೇಕು. ಲಟ್ಟಣಿಗೆಯಿಲ್ಲ, ಸಮತಟ್ಟಾದ ಕಾವಲಿಯಿಲ್ಲ. ಮಗುಚಿ ಹಾಕಿದ ಮಡಕೆಯ ಬೆನ್ನೇ ಕಾವಲಿ. ಮಹಾರಾಷ್ಟ್ರದ ಜ್ಞಾನದೇವನ ಕಥೆಯನ್ನು ಬಲ್ಲವರಿಗೆ ಈ ಮಡಕೆಯ ಪರಿಚಯವಿದ್ದೇ ಇರುತ್ತದೆ. ತಂಗಿ ಮುಕ್ತಾಬಾಯಿಯು ಮಂಡಿಗೆ ಮಾಡಲೆಂದು ಮಡಕೆಯನ್ನು ತರಹೋದಾಗ, ವಿಸೋಬನೆಂಬವನು ಕುಂಬಾರನು ಕೊಡದಂತೆ ತಡೆದನಂತೆ. ಆಗ ಜ್ಞಾನದೇವನು ಯೋಗಾಗ್ನಿಯಿಂದ ತನ್ನ ಬೆನ್ನನ್ನೇ ಕಾಯಿಸಿಕೊಟ್ಟನಂತೆ, ತಂಗಿ ಅಣ್ಣನ ಬೆನ್ನಿನ ಮೇಲೆ ಮಂಡಿಗೆ ಬೇಯಿಸಿದಳಂತೆ. ಇದು ಭಕ್ತರ ಕಥೆ. ಇತಿಹಾಸಕಾರನು ಇದನ್ನು ತೂಗಿ ನೋಡಬೇಕಾದ್ದಿಲ್ಲ. ಆದರೆ ಕಥೆ ಕಟ್ಟಿದವರು ಒಂದು ವಿಷಯವನ್ನು ತಿಳಿಯದೆಯೇ ನಮಗೆ ಬಿಟ್ಟುಹೋಗಿದ್ದಾರೆ. ಅನಾಥರಾದ ನಾಲ್ಕು ಮಂದಿ ಬಡಮಕ್ಕಳ ಮನೆಯಲ್ಲಿಯೂ, ಬಯಸಿದ ದಿನ, ಒಬ್ಬ ಹುಡುಗಿಯ ಕೈಯಿಂದ ಮಂಡಿಗೆ ಆಗಬಹುದೆಂದು ಕೇಳುವವರು ನಂಬುತ್ತಿದ್ದರು. ಆ ಕಥೆಯಲ್ಲಿ ಆಶ್ಚರ್ಯವಿರುವುದು ಅಣ್ಣನ ಬೆನ್ನಿನಲ್ಲಿ, ತಂಗಿಯ ಕೈಯಲ್ಲಲ್ಲ.

ಈಗ ಮಂಡಿಗೆ ಬೆಳಗಾವಿಯ ಸೀಮೆಯಲ್ಲಿ ಉಳಿದಿದೆ, ಮುಖ್ಯವಾಗಿ ಮದುವೆಗಳಲ್ಲಿ. ನಾನು ಅದನ್ನು ಕಂಡದ್ದೂ ಅಂಥ ಒಂದು ಮದುವೆಯಲ್ಲಿಯೇ. ಛತ್ರದ ಹಿಂಭಾಗದಲ್ಲಿ ಸೌದೆಯ ಒಲೆಯ ಮೇಲೆ ದೊಡ್ಡ ಪಾತ್ರೆಯೊಂದನ್ನು ಮಗುಚಿ ಹಾಕಿದ್ದರು. ಅಡಿಗೆಯವರು ಕಣಕದ ಉಂಡೆಯನ್ನು ಕೈಯಿಂದ ಕೈಗೆ ಬದಲಾಯಿಸುತ್ತ, ಮೊದಲು ಅಂಗೈಯಷ್ಟು, ಆಮೇಲೆ ಮೊರದಷ್ಟು, ಕಡೆಗೆ ಮೊಳಕೈಗಳ ಮೇಲೆ ಬಟ್ಟೆಯಂತೆ ಜೋಲುವಷ್ಟು ಹಿಗ್ಗಿಸಿ ಪಾತ್ರೆಯ ಬೆನ್ನಿನ ಮೇಲೆ ಹೊದಿಸಿದರು. ನಾಲ್ಕು ಸಾರಿ ರೆಪ್ಪೆ ಬಡಿಯುವಷ್ಟರಲ್ಲಿ ಅದು ಬೆಂದಿತು. ಪುಡಿಸಕ್ಕರೆ, ತುಪ್ಪ, ಏಲಕ್ಕಿಗಳ ಸಿಹಿ ಅದಕ್ಕೆ. ಬಿಸಿ ಆರುವುದರೊಳಗಾಗಿ ಮಡಿಸಿಬಿಡಬೇಕು; ಆರಿತೆಂದರೆ ಗರಿಗರಿಯಾಗಿ ಮುರಿಯುತ್ತದೆ. ಅದನ್ನು ಮಾಡುತ್ತಿದ್ದವರ ಮೊಳಕೈಗಳಲ್ಲಿ ಕೂದಲೇ ಇರಲಿಲ್ಲ, ಉರಿಯ ಝಳಕ್ಕೆ ಸುಟ್ಟುಹೋಗಿತ್ತು. ಮನೆಯ ಹೆಂಗಸರು ಇದನ್ನು ಮಾಡುವುದಿಲ್ಲವೇ ಎಂದು ಕೇಳಿದೆ. "ನಮ್ಮ ಅಜ್ಜಿ ಮಾಡ್ತಿದ್ಳರೀ, ಈಗ ನಮ್ಮನ್ನ ಕರಸ್ತಾರ" ಎಂದು ಆತ ಉತ್ತರ ಕೊಟ್ಟನು.

ಅಂತು, ಮಂಡಿಗೆ ಮನೆಯಿಂದ ಹೊರಬಿದ್ದು ಅಡಿಗೆಯವರ ಕೈ ಸೇರಿತು. ಅದರ ಒಡಹುಟ್ಟಿದ್ದಾದ ಹೋಳಿಗೆಯಾದರೋ ಮನೆಯಲ್ಲಿಯೇ ಉಳಿಯಿತು. ಹೀಗೇಕಾಯಿತು? ನನ್ನ ಎಣಿಕೆಯಲ್ಲಿ ಇದಕ್ಕೆ ಕಾರಣ ರುಚಿಯಲ್ಲ, ಒಲೆ ಮತ್ತು ಗೋಧಿ. ಮಂಡಿಗೆಗೆ ಮಗುಚಿದ ದೊಡ್ಡ ಪಾತ್ರೆ, ಅದನ್ನು ಸುತ್ತಲೂ ಸಮನಾಗಿ ಕಾಯಿಸುವ ಉರಿ, ಕೈ ಬೀಸುವುದಕ್ಕೆ ಅವಕಾಶ, ಇವೆಲ್ಲವೂ ಬೇಕು. ಹೋಳಿಗೆಗೆ ಒಂದು ಬಾಳೆಯ ಎಲೆ, ಒಂದಿಷ್ಟು ಎಣ್ಣೆ, ದೋಸೆ ಹುಯ್ಯುವ ಅದೇ ಕಾವಲಿ, ಇಷ್ಟಿದ್ದರೆ ಸಾಕು. ಇನ್ನು ಗೋಧಿಯ ಮಾತು. ಧಾರವಾಡ, ಬೆಳಗಾವಿ, ವಿಜಯಪುರಗಳ ಎರೆಭೂಮಿಯಲ್ಲಿ ಗೋಧಿ ಮನೆಯ ಬೆಳೆ. ಹಳೆಯ ಮೈಸೂರಿನ ಹೊಲಗಳಲ್ಲಿ ರಾಗಿ, ಗದ್ದೆಗಳಲ್ಲಿ ಬತ್ತ. ಗೋಧಿಯೆಂದರೆ ಸಂತೆಯಿಂದ ಹಬ್ಬಕ್ಕೆಂದು ಅಳೆದು ತರುವ ಪದಾರ್ಥ. ಮಂಡಿಗೆಯೆಲ್ಲವೂ ಗೋಧಿ, ಹೋಳಿಗೆಯಾದರೋ ಮುಕ್ಕಾಲು ಪಾಲು ಬೇಳೆ ಬೆಲ್ಲ, ಮೇಲಿನ ತೆಳು ಹೊದಿಕೆಯಷ್ಟೇ ಗೋಧಿ. ಒಂದು ಪಾವು ಹಿಟ್ಟನ್ನು ವಸ್ತ್ರಗಾಳಿತ ಮಾಡಿ, ನಾದಿ, ಎಣ್ಣೆಯಲ್ಲಿ ನೆನಸಿಟ್ಟ ಗೃಹಿಣಿ ಅದರಲ್ಲಿಯೇ ಇಡೀ ಮನೆಗೆ ಹಬ್ಬ ಮಾಡಬಲ್ಲಳು. ಬೇಳೆ ಬೇಯಿಸಿದ ಕಟ್ಟೂ ವ್ಯರ್ಥವಾಗುವುದಿಲ್ಲ. ಅದಕ್ಕೆ ಚೂರು ಹೂರಣವನ್ನು ಕದಡಿ ಹುಳಿ ಖಾರ ಹಾಕಿದರೆ ಒಬ್ಬಟ್ಟಿನ ಸಾರಾಯಿತು. ಮಾರನೆಯ ದಿನಕ್ಕೆ ಇನ್ನೂ ರುಚಿ. ಉತ್ತರದವರು ಕಡಲೆಬೇಳೆಯ ಹೂರಣವನ್ನೂ ನಾವು ತೊಗರಿಬೇಳೆಯ ಹೂರಣವನ್ನೂ ಮಾಡುವುದುಂಟು. ಯಾವುದು ಮೇಲೆಂಬ ವ್ಯಾಜ್ಯವನ್ನು ಎರಡು ಕಡೆಯ ಬೀಗರು ಸೇರಿದ ಮದುವೆಗಳಿಗೆ ಬಿಟ್ಟುಬಿಡುತ್ತೇನೆ.

ಹೋಳಿಗೆಯ ಪ್ರಾಚೀನತೆಗೆ ಮಾನಸೋಲ್ಲಾಸದಲ್ಲಿ ಬರುವ ಪೋಲಿಕಾ ಎಂಬ ಹೆಸರನ್ನು ಸಾಮಾನ್ಯವಾಗಿ ಆಧಾರವಾಗಿ ಕೊಡುತ್ತಾರೆ. ವೇಷ್ಟಿಕವೆಂಬ ಇನ್ನೊಂದು ಭಕ್ಷ್ಯವೂ ಅಲ್ಲಿ ಬರುತ್ತದೆ; ಸುತ್ತಿದ್ದು, ಒಳಗೆ ಏನನ್ನೋ ಇಟ್ಟು ಮುಚ್ಚಿದ್ದು ಎಂದು ಆ ಹೆಸರೇ ಹೇಳುತ್ತದೆ. ಆದರೆ ಗ್ರಂಥಕ್ಕಿಂತಲೂ ನನಗೆ ಹೆಚ್ಚು ನಂಬಿಕೆಯಿರುವುದು ನಮ್ಮ ಹೆಂಗಸರ ಬಾಯಿಯ ಮೇಲೆ. ಕನ್ನಡದಲ್ಲಿ ಪಕಾರದಿಂದ ಮೊದಲಾದ ಅನೇಕ ಮಾತುಗಳು ಕಾಲಕ್ರಮದಲ್ಲಿ ಹಕಾರವನ್ನು ಪಡೆದುವು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂವು ಹೂವಾಯಿತು. ಈ ಬದಲಾವಣೆ 10ನೆಯ ಶತಮಾನದ ಸುಮಾರಿನಿಂದ ಶಾಸನಗಳಲ್ಲಿ ತಲೆದೋರಿ, 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆಯುವ ಹೊತ್ತಿಗೆ ವ್ಯಾಕರಣದಲ್ಲಿ ಹೇಳಬೇಕಾದಷ್ಟು ಬಲಗೊಂಡಿತ್ತು. ಈಗ ಮರಾಠಿಯವರ ಪುರಣಪೋಳಿಯನ್ನೂ ನಮ್ಮ ಹೂರಣದ ಹೋಳಿಗೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಪೂರಣ ಹೂರಣವಾಗಿದೆ, ಪೋಳಿಗೆ ಹೋಳಿಗೆಯಾಗಿದೆ. ಒಳಗಿನದೂ ಹೊರಗಿನದೂ ಎರಡೂ ಜೊತೆಯಾಗಿ ಹಾಲು ಹೂವುಗಳ ದಾರಿಯನ್ನು ಹಿಡಿದಿವೆ. ಇವು ನಿನ್ನೆ ಮೊನ್ನೆ ಬಂದ ಅತಿಥಿಗಳಾಗಿದ್ದರೆ ಹೀಗೆ ಮನೆಯ ಮಕ್ಕಳಂತೆ ಬದಲಾಗುತ್ತಿದ್ದುವೆಂದು ತೋರುವುದಿಲ್ಲ. ಇಷ್ಟರಿಂದಲೇ ಹೂರಣದಲ್ಲಿ ಆಗ ಏನನ್ನು ತುಂಬುತ್ತಿದ್ದರೆಂದು ಹೇಳಲಾಗದು, ಮಾತು ಹಳೆಯದೆಂದು ಮಾತ್ರ ಹೇಳಬಹುದು. ಪಾಕ, ಪಾನಕ ಮುಂತಾದ ಮಾತುಗಳು ಪಕಾರವನ್ನು ಬಿಡಲಿಲ್ಲವೆಂಬುದನ್ನೂ ಗಮನಿಸಬೇಕು. ಅವು ಪಂಡಿತರ ಬಾಯಲ್ಲಿ, ಓಲೆಗರಿಯಲ್ಲಿ, ವೈದ್ಯರ ಮನೆಯಲ್ಲಿ ಸಂಸ್ಕೃತದ ರೂಪದಲ್ಲಿಯೇ ಕಾಪಾಡಲ್ಪಟ್ಟುವು. ಹೂರಣಕ್ಕೆ ಪಂಡಿತರ ಕಾವಲಿರಲಿಲ್ಲ. ರುಬ್ಬುವ ಕಲ್ಲಿನ ಮುಂದೆ ಕುಳಿತವರು ಅದನ್ನು ತಮ್ಮ ನಾಲಗೆಗೆ ಒಪ್ಪುವಂತೆ ಸವೆಸಿಕೊಂಡರು.

ಇನ್ನು ಸಿಹಿಯ ಸಿಹಿ, ಎಂದರೆ ಬೆಲ್ಲ ಸಕ್ಕರೆಗಳ ವಿಚಾರ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನು ಭರತಖಂಡದಲ್ಲಿ ಜೇನುನೊಣಗಳಿಲ್ಲದೆಯೇ ಜೇನನ್ನು ಕೊಡುವ ಜೊಂಡನ್ನು ಕಂಡು ಬೆರಗಾದನೆಂದು ಗ್ರೀಕರ ಬರವಣಿಗೆ ಹೇಳುತ್ತದೆ; ಅದು ಕಬ್ಬೆಂದು ವಿದ್ವಾಂಸರ ಅಭಿಪ್ರಾಯ. ಕೌಟಿಲ್ಯನ ಅರ್ಥಶಾಸ್ತ್ರವು ಉಗ್ರಾಣದಲ್ಲಿರತಕ್ಕ ಪದಾರ್ಥಗಳನ್ನು ಹೇಳುವಾಗ ಕಾಕಂಬಿಯಂಥ ಫಾಣಿತದಿಂದ ಹಿಡಿದು ಗುಡ, ಮತ್ಸ್ಯಂಡಿಕೆ, ಖಂಡ, ಶರ್ಕರೆಗಳವರೆಗೆ ಕಬ್ಬಿನ ಐದು ರೂಪಗಳನ್ನು ಎಣಿಸುತ್ತದೆ. 647ರಲ್ಲಿ ಚೀನಾದ ಚಕ್ರವರ್ತಿ ತಾಯಿಜಾಂಗನು ಸಕ್ಕರೆ ಮಾಡುವುದನ್ನು ಕಲಿತುಬರಲೆಂದು ಮಗಧಕ್ಕೆ ದೂತರನ್ನು ಕಳುಹಿದನು. ಶಿಷ್ಯನು ಗುರುವನ್ನು ಮೀರಿಸಿದ್ದರಿಂದಲೋ ಏನೋ, ಹಿಂದೂಸ್ತಾನಿಯಲ್ಲಿ ಬಿಳಿಯ ಸಕ್ಕರೆಗೆ ಚೀನಿ ಎಂತಲೇ ಹೆಸರು ನಿಂತಿತು. ಕನ್ನಡಿಗರು ಮಾತ್ರ ಪ್ರಾಕೃತದ ಸಕ್ಕರೆಯನ್ನು ಬಿಡಲಿಲ್ಲ.

ಆದರೆ ಹೆಸರು ಹಳೆಯದಾದ ಮಾತ್ರಕ್ಕೆ ವಸ್ತು ಎಲ್ಲರ ಮನೆಯಲ್ಲಿಯೂ ಇತ್ತೆಂದು ತಿಳಿಯಬಾರದು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ತನಗೆ ಅರಸನು ದಿನವೂ ಕಳುಹಿಸುತ್ತಿದ್ದ ಪದಾರ್ಥಗಳನ್ನು ಪಟ್ಟಿ ಮಾಡುವಾಗ ಕುರಿ ಕೋಳಿಗಳು, ಅಕ್ಕಿ, ಬೆಣ್ಣೆಗಳ ಜೊತೆಗೆ ಒಂದು ಮಣ ಸಕ್ಕರೆಯನ್ನೂ ಸೇರಿಸಿದ್ದಾನೆ. ರಾಯಭಾರಿಗೆ ಮರ್ಯಾದೆಯಾಗಿ ಕೊಡುವ ವಸ್ತು ಅದು. ಒಕ್ಕಲಿನವನ ಮನೆಯಲ್ಲಿದ್ದದ್ದು ಆಲೆಮನೆಯ ಬೆಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನನು ಇಲ್ಲಿನ ರಸ್ತಾಳಿ, ಪಟ್ಟಾಪಟ್ಟಿ ಎಂಬ ಕಬ್ಬಿನ ಜಾತಿಗಳನ್ನೂ ಬೆಲ್ಲ ಕಾಸುವುದನ್ನೂ ವಿವರಿಸಿ, ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆ ಚೀನಾದ್ದಕ್ಕೆ ಸರಿಸಾಟಿಯೆಂದು ಹೊಗಳಿದ್ದಾನೆ. 1847ರಲ್ಲಿ ಶ್ರೀರಂಗಪಟ್ಟಣದ ಬಳಿ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಏರ್ಪಟ್ಟಿತು. ಅದು ರೈತರ ಬೆಲ್ಲವನ್ನು ಕೊಂಡು ಶುದ್ಧಿ ಮಾಡಿ ಸಕ್ಕರೆ ಮಾಡುತ್ತಿತ್ತು. ಬಹಳ ಕಾಲದ ಮೇಲೆ ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಮಂಡ್ಯದ ಬಯಲಿಗೆ ಹರಿದು, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರ ಉತ್ಸಾಹದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಹಿಂದಿನ ವರ್ಷವಷ್ಟೇ ಭಾರತ ಸರ್ಕಾರವು ದೇಶದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆಯನ್ನು ಕೊಟ್ಟಿತ್ತು. ನಮ್ಮ ಸಾಮಾನ್ಯ ಮನೆಗಳಲ್ಲಿ ಸಕ್ಕರೆಯ ಡಬ್ಬಿ ದಿನಬಳಕೆಗೆ ನಿಂತ ಕಾಲವನ್ನು ಇದರ ಆಚೀಚೆಗೆ ಇಡಬೇಕೆಂದು ನನ್ನ ಅಭಿಪ್ರಾಯ.

ಸಕ್ಕರೆ ಬಂದೊಡನೆ ಸಿಹಿಗಳಲ್ಲಿಯೂ ಮೇಲು ಕೀಳು ಹುಟ್ಟಿತು. ಸಕ್ಕರೆ ಹೋಳಿಗೆ ದೊಡ್ಡ ಮನೆಯದು, ಬೆಲ್ಲದ ಹೋಳಿಗೆ ಸಣ್ಣ ಮನೆಯದು ಎಂಬ ಭಾವನೆ ನಮ್ಮ ಅಜ್ಜಿಯ ಕಾಲಕ್ಕೆ ಪೂರ್ತಿಯಾಗಿ ಬೇರೂರಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ಪಡಿತರ ಬಂದಾಗ ದೊಡ್ಡ ಮನೆಗಳೂ ಮರಳಿ ಬೆಲ್ಲಕ್ಕೆ ಇಳಿಯಬೇಕಾಯಿತು. ಅಜ್ಜಿ ಆ ವರ್ಷದ ಯುಗಾದಿಯನ್ನು ನೆನೆದು ಸಣ್ಣಗೆ ನಗುತ್ತಿದ್ದಳು. ಈಗ ವೈದ್ಯರ ಮಾತಿಗೆ ಹೆದರಿ ಸಿರಿವಂತರೇ ಬೆಲ್ಲವನ್ನು ಹುಡುಕಿಕೊಂಡು ಹೋಗುತ್ತಾರೆ. ಬೆಲ್ಲಕ್ಕೆ ಇಂಥ ಮರ್ಯಾದೆ ಹಿಂದೆಂದೂ ದೊರೆತಿರಲಿಲ್ಲ.

ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಇಲ್ಲಿ ಮರೆಯಬಾರದು. ಪುಷ್ಯಮಾಸ ಬಂದಿತೆಂದರೆ ಮೈಸೂರು ಬೆಂಗಳೂರುಗಳ ಮನೆಗಳಲ್ಲಿ ಅಟ್ಟದಿಂದ ಮರದ ಅಚ್ಚುಗಳು ಇಳಿಯುತ್ತಿದ್ದುವು: ಬೃಂದಾವನ, ಗೋಪುರ, ಆನೆ, ಮೀನು, ಬಾತುಕೋಳಿ. ಅವುಗಳನ್ನು ನೀರಿನಲ್ಲಿ ನೆನಸಿ, ಎರಡು ಹೋಳುಗಳನ್ನು ಸೇರಿಸಿ ದಾರದಿಂದ ಬಿಗಿಯುವುದು ಮಕ್ಕಳ ಕೆಲಸ. ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ಕುದಿಯುವಾಗ ಒಂದಿಷ್ಟು ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲಕ್ಕೆ ಬರುತ್ತದೆ. ಅದನ್ನು ತೆಗೆದು, ಸೋಸಿ, ಪಾಕ ಬಂದಮೇಲೆ ಬೆಳ್ಳಗೆ ತಿರುಗುವವರೆಗೆ ತಿರುವಿ, ತಡಮಾಡದೆ ಅಚ್ಚಿಗೆ ಹುಯ್ಯಬೇಕು. ಒಂದು ಕ್ಷಣ ಮೊದಲಾದರೆ ಅಂಟು, ಒಂದು ಕ್ಷಣ ತಡವಾದರೆ ಪಾತ್ರೆಯಲ್ಲಿಯೇ ಕಲ್ಲು. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಇದೇ ರೀತಿಯ ಸಕ್ಕರೆ ಆರತಿಗಳನ್ನು ಮಾಡುತ್ತಾರೆ. ಆನೆಯ ಸೊಂಡಿಲು ಮುರಿಯದಂತೆ ಅಚ್ಚನ್ನು ಬಿಡಿಸಿದ ಹುಡುಗಿಗೆ ಬೀದಿಯಲ್ಲೆಲ್ಲ ಹೆಸರು.

ಅದೇ ಹಬ್ಬದ ಎಳ್ಳುಬೆಲ್ಲವನ್ನು ಸ್ವಲ್ಪ ಶೋಧಿಸಿ ನೋಡೋಣ. ಎಳ್ಳು ಈ ದೇಶದ ಅತಿ ಹಳೆಯ ಬೆಳೆಗಳಲ್ಲೊಂದು. ಬೆಲ್ಲದ ಕಥೆಯನ್ನು ಆಗಲೇ ಹೇಳಿದೆ. ಕೊಬ್ಬರಿ, ಹುರಿಗಡಲೆಗಳಿಗೂ ಹಳೆಯ ಹಕ್ಕುಂಟು. ಆದರೆ ಕಡಲೆಕಾಯಿ ಬೀಜ? ಅದರ ತವರು ದಕ್ಷಿಣ ಅಮೆರಿಕ. ಕೊಲಂಬಸನ ಯಾನಕ್ಕೆ ಮುಂಚೆ ಈ ಭೂಖಂಡದಲ್ಲಿ ಅದನ್ನು ಯಾರೂ ಕಂಡಿರಲಿಲ್ಲ; ನಮ್ಮ ಹೊಲಗಳಲ್ಲಿ ಅದು ವಿಶೇಷವಾಗಿ ಹಬ್ಬಿದ್ದು 19ನೆಯ ಶತಮಾನದಲ್ಲಿ. ಪಾಯಸದ ಗೋಡಂಬಿಯೂ 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ಪಶ್ಚಿಮ ತೀರಕ್ಕೆ ತಂದದ್ದು. ಅದರಲ್ಲಿ ಹಾಕುವ ಏಲಕ್ಕಿ ಮಾತ್ರ ನಮ್ಮ ಮಲೆನಾಡಿನದು. ಅದನ್ನರಸಿಕೊಂಡು ಬಂದವರೇ ಗೋಡಂಬಿಯನ್ನು ಕೊಟ್ಟುಹೋದರೆಂದರೆ ತಪ್ಪಾಗಲಾರದು. ಹಲ್ವವೆಂಬ ಹೆಸರು ಅರಬ್ಬಿಯದು. ಇವುಗಳನ್ನೆಲ್ಲ ಕೇಳಿ ಮಡಿವಂತರಾದ ನನ್ನ ಮಿತ್ರರೊಬ್ಬರು, "ಹಾಗಾದರೆ ಎಳ್ಳುಬೆಲ್ಲದಿಂದ ಕಡಲೆಕಾಯಿ ಬೀಜವನ್ನು ಆರಿಸಿ ತೆಗೆಯೋಣವೇ?" ಎಂದು ಬೇಸರದಿಂದ ಕೇಳಿದರು. ಅವರ ಮನೆಯಾಕೆ ಒಳಗಿನಿಂದಲೇ, "ಆರಿಸುವವರು ಯಾರು?" ಎಂದರು. ಚರ್ಚೆ ಅಲ್ಲಿಗೆ ನಿಂತಿತು.

ಅಳತೆಯ ಮಾತು ಒಂದು ಉಳಿಯಿತು. ತಿರುಮಲೆಯ ದೇವಸ್ಥಾನದ ಗೋಡೆಗಳ ಮೇಲೆ ವಿಜಯನಗರದ ಕಾಲದ, ಎಂದರೆ 15 ಮತ್ತು 16ನೆಯ ಶತಮಾನಗಳ, ನೂರಾರು ದಾನಶಾಸನಗಳಿವೆ. ಅವುಗಳಲ್ಲಿ ಅಪ್ಪಪಡಿ, ಅತಿರಸಪಡಿ, ಸುಖಿಯಪಡಿ, ಮನೋಹರಪಡಿ ಎಂದು ನೈವೇದ್ಯದ ಭಕ್ಷ್ಯಗಳ ಹೆಸರುಗಳು ಬರುತ್ತವೆ. ಅಕ್ಕಿ ಎಷ್ಟು ಮರಕ್ಕಾಲು, ತುಪ್ಪ ಎಷ್ಟು ನಾಳಿ, ಬೆಲ್ಲ ಎಷ್ಟು ಪಲ ಎಂಬುದನ್ನು ಕಲ್ಲಿನಲ್ಲಿ ಕೊರೆದು, ಪ್ರಸಾದದಲ್ಲಿ ನಾಲ್ಕನೆಯ ಒಂದು ಪಾಲು ದಾನಿಗೆ ಸಲ್ಲತಕ್ಕದ್ದೆಂದೂ ವಿಧಿಸಿರುವುದುಂಟು. ದಾನದ ಹಣ, ಪಾಲಿನ ಹಕ್ಕು, ಉಗ್ರಾಣದ ಲೆಕ್ಕ ಇರುವ ಕಡೆ ಅಳತೆ ಕಲ್ಲಿಗೆ ಏರುತ್ತದೆ. ಆ ಅತಿರಸವೇ ನಮ್ಮ ದೀಪಾವಳಿಯ ಕಜ್ಜಾಯ. ಅದಕ್ಕೆ ಮನೆಯಲ್ಲಿ ಲೆಕ್ಕ ಕೇಳುವವರಿರಲಿಲ್ಲವಾದ್ದರಿಂದ ಕಲ್ಲೂ ಇಲ್ಲ, ಓಲೆಯೂ ಇಲ್ಲ.

ನಮ್ಮ ಅಜ್ಜಿಯ ಕಜ್ಜಾಯಕ್ಕಾದರೂ ಲೆಕ್ಕವಿರಲೆಂದು ನಾನೊಂದು ಸಾರಿ ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತೆ. ಅಕ್ಕಿಯನ್ನು ನೆನಸಿ, ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರವಿ, ಇನ್ನೂ ತೇವವಿರುವಾಗಲೇ ಕುಟ್ಟಿ ಜರಡಿ ಹಿಡಿದಳು. ಬೆಲ್ಲದ ಪಾಕವನ್ನು ಬಟ್ಟಲಿನ ನೀರಿಗೆ ಒಂದು ತೊಟ್ಟು ಬಿಟ್ಟು, ಅದು ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಕ್ಕುವುದನ್ನು ನೋಡಿ ಇಳಿಸಿದಳು. ಹಿಟ್ಟು ಬೆರಸಿ, ತುಪ್ಪ ಸವರಿ, ಎರಡು ದಿನ ಮುಚ್ಚಿಟ್ಟಳು. ನಾನು ಪ್ರತಿಯೊಂದನ್ನೂ ಅಳೆದು ಬರೆದುಕೊಂಡೆ: ಅಕ್ಕಿ ಒಂದು ಸೇರು, ಬೆಲ್ಲ ಇಷ್ಟು, ನೀರು ಇಷ್ಟು. ಅಜ್ಜಿ ತೀರಿಕೊಂಡ ಎರಡು ವರ್ಷಗಳ ಮೇಲೆ ಅತ್ತಿಗೆಯವರು ಆ ಬರಹವನ್ನು ಮುಂದಿಟ್ಟುಕೊಂಡು ದೀಪಾವಳಿಗೆ ಕಜ್ಜಾಯಕ್ಕೆ ಕೈಹಾಕಿದರು. ಅಕ್ಷರವೂ ತಪ್ಪಲಿಲ್ಲ. ಬಾಣಲೆಗೆ ಬಿಟ್ಟ ಮೊದಲನೆಯ ಕಜ್ಜಾಯ ಎಣ್ಣೆಯಲ್ಲಿ ಹರಡಿ ಕದಡಿಹೋಯಿತು. ಎರಡನೆಯದೂ ಹಾಗೆಯೇ. ಮನೆಯಲ್ಲಿ ಎಲ್ಲರ ಕಣ್ಣೂ ನನ್ನ ಪುಸ್ತಕದ ಮೇಲೆ ಬಿತ್ತು.

ಹಬ್ಬಕ್ಕೆ ಬಂದಿದ್ದ ಸೋದರತ್ತೆ ಎದ್ದು ಬಂದು, ಹಿಟ್ಟಿಗಿಂತ ಮೊದಲು ಉಳಿದ ಬೆಲ್ಲವನ್ನು ಕೇಳಿ ತರಿಸಿಕೊಂಡರು. ಹೆಬ್ಬೆರಳಿನಿಂದ ಒತ್ತಿ ನೋಡಿ, ಚೂರು ನಾಲಗೆಗೆ ಹಾಕಿಕೊಂಡರು. "ಇದು ಅಚ್ಚುಬೆಲ್ಲ ಕಣೇ. ಅಮ್ಮ ಮಾಡ್ತಿದ್ದದ್ದು ಉಂಡೆಬೆಲ್ಲದಲ್ಲಿ. ಇದಕ್ಕೆ ಅಷ್ಟು ನೀರು ಹಿಡಿಯೋಲ್ಲ" ಎಂದರು. ತೆಗೆದಿಟ್ಟಿದ್ದ ಹಸಿ ಅಕ್ಕಿಹಿಟ್ಟನ್ನು ಮೇಲಿನಿಂದ ಉದುರಿಸಿ, ನಾದಿ, ಮತ್ತೆ ಉದುರಿಸಿ, "ಸಾಕು" ಎಂದು ಕೈ ತೊಳೆದುಕೊಂಡರು. ಆಮೇಲೆ ಬಿಟ್ಟ ಕಜ್ಜಾಯ ಉಬ್ಬಿ ಕೆಂಪಗೆ ಮೇಲಕ್ಕೆ ಬಂದಿತು. ನಾನು ಓಡಿಹೋಗಿ ಪುಸ್ತಕವನ್ನು ತಂದು, ಅಂಚಿನಲ್ಲಿ "ಅಚ್ಚುಬೆಲ್ಲವಾದರೆ ಹಿಟ್ಟು ಮೂರು ಹಿಡಿ ಹೆಚ್ಚು" ಎಂದು ಬರೆದೆ. ಅತ್ತಿಗೆಯವರು ಭುಜದ ಮೇಲಿನಿಂದ ಬಗ್ಗಿ ಓದಿ, "ಯಾರ ಹಿಡಿ?" ಎಂದು ಕೇಳಿದರು.